ದಡ್ಡ ಎನ್ನುವ ಮುನ್ನ: ಬುದ್ಧಿ, ಆಸಕ್ತಿ ಮತ್ತು ಅಂಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿಯಾಗಲು ತೆಂಗಿನಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲಿರಬೇಕು. ಅಲ್ಲಿಯ ರೈತರು ಅವಸರಪಡುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ನಾವು ಎಂಟನೇ ತರಗತಿಯ ಅಂಕ ನೋಡಿಯೇ 'ಇವನು ದಡ್ಡ' ಎಂದುಬಿಡುತ್ತೇವೆ.

1905ರಲ್ಲಿ ಫ್ರಾನ್ಸಿನ ಬಿನೆ ಮತ್ತು ಸಿಮೊನ್ ಬುದ್ಧಿಶಕ್ತಿ ಪರೀಕ್ಷೆಯನ್ನು ರೂಪಿಸಿದ್ದು ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು, ಹಣೆಪಟ್ಟಿ ಹಚ್ಚಲು ಅಲ್ಲ. ವಿ. ವಿ. ಕಾಮತರು ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು.

ಬುದ್ಧಿಶಕ್ತಿಗೂ ಅಂಕಕ್ಕೂ ನಂಟಿದೆ, ನಿಜ. ಆದರೆ ಜರ್ಮನಿಯ ಸುಮಾರು 3,500 ಮಕ್ಕಳನ್ನು 5ರಿಂದ 10ನೇ ತರಗತಿಯವರೆಗೆ ಗಮನಿಸಿದ, 2013ರಲ್ಲಿ ಪ್ರಕಟವಾದ ಅಧ್ಯಯನ ಗಣಿತದ ಬಗ್ಗೆ ಬೇರೊಂದು ಮಾತನ್ನೂ ಹೇಳುತ್ತದೆ. ಆರಂಭದ ಮಟ್ಟಕ್ಕೆ ಬುದ್ಧಿಶಕ್ತಿಯ ನಂಟು ಹೆಚ್ಚು. ವರ್ಷಗಳ ಪ್ರಗತಿಯಲ್ಲಿ ಕಂಡದ್ದು ಆಸಕ್ತಿ, 'ಪ್ರಯತ್ನಿಸಿದರೆ ನನಗಾಗುತ್ತದೆ' ಎಂಬ ನಂಬಿಕೆ, ಅರ್ಥಮಾಡಿಕೊಂಡು ಕಲಿಯುವ ರೀತಿ. ಬರೀ ಬಾಯಿಪಾಠ ಪ್ರಗತಿಗೆ ನೆರವಾಗಲಿಲ್ಲ.

ಆದುದರಿಂದ ಹೆತ್ತವರು 'ಎಷ್ಟು ಅಂಕ ಬಂತು?' ಎನ್ನುವುದಕ್ಕಿಂತ ಮೊದಲು 'ಯಾವುದು ಅರ್ಥವಾಗಲಿಲ್ಲ?' ಎಂದು ಕೇಳಲಿ. ಕಾಯಿ ಸುಲಿಯುವ ದಿನಗಳಲ್ಲೂ ಮಕ್ಕಳ ಶಾಲೆ ತಪ್ಪದಿರಲಿ. ಧರ್ಮಕೇಂದ್ರಗಳಲ್ಲಿ ಸಂಜೆ ಪಾಠ ಹೇಳುವವರು ಮಕ್ಕಳನ್ನು ಒಬ್ಬರೊಂದಿಗೊಬ್ಬರು ಹೋಲಿಸದೆ, ಕಳೆದ ತಿಂಗಳಿಗಿಂತ ಈಗ ಎಷ್ಟು ಮುಂದೆ ಬಂದಿದ್ದಾರೆಂದು ತೋರಿಸಲಿ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಸೋತ ಮಗುವಿಗೆ ದಾರಿ ಮುಚ್ಚಿಲ್ಲವೆಂದು ಅಂದೇ ತಿಳಿಸಬೇಕು.

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಐದು ಪಡೆದ ಸೇವಕನಿಗೂ ಎರಡು ಪಡೆದವನಿಗೂ ಯಜಮಾನನ ಮೆಚ್ಚುಗೆ ಒಂದೇ. ನಮ್ಮ ಮನೆಗಳಲ್ಲೂ ಹಾಗೆಯೇ ಇರಲಿ.