ಕದ್ದು ನಡೆಯುವ ಆಟ: ಯಾವುದು ನಿಜ? ಯಾವುದು ಕಥೆ?



ಹೋದ ತಿಂಗಳು ನಮ್ಮ ಕಿರು ಪರೀಕ್ಷೆಯಲ್ಲಿ ಕೊಹಿನೂರ್ ವಜ್ರ ಬ್ರಿಟಿಷರ ಕೈಗೆ ಹೇಗೆ ಹೋಯಿತು ಅಂತ ಒಂದು ಪ್ರಶ್ನೆ ಇತ್ತು. ನಾನು ಅರ್ಧ ಪುಟ ಬರೆದೆ. ‘ಅರ್ಬಾಜ್ ಮೀರ್ ಎಂಬ ವೀರನು 1841ರಲ್ಲಿ ವಜ್ರಕ್ಕಾಗಿ ಹೋರಾಡಿದನು’ ಅಂತ ಶುರು ಮಾಡಿದ್ದೆ. ಮೇಷ್ಟ್ರು ಆ ಹೆಸರಿನ ಸುತ್ತ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ ‘ಯಾರು ಈತ?’ ಅಂತ ಬರೆದಿದ್ದರು. ಎಲ್ಲರೂ ನಕ್ಕರು. ನನಗೆ ಅಳು ಬಂತು. ಯಾಕೆಂದರೆ ನಾನು ಅದನ್ನು ಕಣ್ಣಾರೆ ನೋಡಿದ್ದೆ. ಆದರೆ ನೋಡಿದ್ದು ಪುಸ್ತಕದಲ್ಲಿ ಅಲ್ಲ, ಕಂಪ್ಯೂಟರ್ ಆಟದಲ್ಲಿ! ‘ಅದನ್ನೇ ಗೋಡೆ ಪತ್ರಿಕೆಗೆ ಬರೆದುಕೊಂಡು ಬಾ’ ಅಂದರು ಮೇಷ್ಟ್ರು. ಅದಕ್ಕೇ ಈ ಲೇಖನ.

ಆಟ ಎಲ್ಲಿ ಸಿಕ್ಕಿತು?

ದಸರಾ ರಜೆಯಲ್ಲಿ ಹಲಸೂರಿನ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಹೊಸಕೋಟೆ ಕಡೆಯಿಂದ ಕೆ.ಆರ್. ಪುರದವರೆಗೆ ಬಸ್ಸು, ಅಲ್ಲಿಂದ ಮೆಟ್ರೋ ರೈಲು. ಇಂದಿರಾನಗರ ಆದಮೇಲೆ ಹಲಸೂರು ಬರುತ್ತದೆ. ದೊಡ್ಡಮ್ಮನ ಮಗ ಅಣ್ಣ ಕಾಲೇಜಿಗೆ ಹೋಗುತ್ತಾನೆ. ಅವನ ಕಂಪ್ಯೂಟರಿನಲ್ಲಿ ‘ಅಸಾಸಿನ್ಸ್ ಕ್ರೀಡ್ ಕ್ರಾನಿಕಲ್ಸ್: ಇಂಡಿಯಾ’ ಎಂಬ ಆಟ ಇದೆ. ಇದು 2016ರ ಜನವರಿಯಲ್ಲಿ ಬಂದದ್ದು. ಇಂಗ್ಲೆಂಡಿನ ಕ್ಲೈಮ್ಯಾಕ್ಸ್ ಸ್ಟುಡಿಯೋಸ್ ತಯಾರಿಸಿತು. ಹೊರತಂದದ್ದು ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ. ಇದರ ಜೊತೆಯ ಇನ್ನೆರಡು ಆಟಗಳು ಚೀನಾ ಮತ್ತು ರಷ್ಯಾ ದೇಶಗಳ ಹಳೆಯ ಕಾಲದ ಮೇಲೆ ಇವೆ. ಇದರಲ್ಲಿ ಕತ್ತಿ, ರಕ್ತ ಎಲ್ಲಾ ಇದೆ, ಚಿಕ್ಕ ಮಕ್ಕಳು ಆಡುವಂಥದ್ದಲ್ಲ. ಅಣ್ಣ ಪಕ್ಕದಲ್ಲೇ ಕೂತು ಆಡಿಸಿದ.

ಆಡುವುದು ಹೇಗೆ?

ಸಾಮಾನ್ಯವಾಗಿ ಕಂಪ್ಯೂಟರ್ ಆಟ ಅಂದರೆ ಓಡು, ಹೊಡಿ, ಗೆಲ್ಲು ಅಂತ ನಾವು ತಿಳಿದಿದ್ದೇವೆ. ಇದು ಹಾಗಲ್ಲ. ಇದು ನಮ್ಮ ಕಣ್ಣಾಮುಚ್ಚಾಲೆ ಆಟದ ಅಣ್ಣ! ಯಾರ ಕಣ್ಣಿಗೂ ಬೀಳದೆ ದಾಟಬೇಕು.

1. ಪ್ರತಿ ಕಾವಲುಗಾರನ ಮುಂದೆ ಟಾರ್ಚ್ ಬೆಳಕು ಬಿದ್ದ ಹಾಗೆ ಒಂದು ಪಟ್ಟಿ ಕಾಣುತ್ತದೆ. ಅದು ಅವನ ನೋಟ. ಅದರೊಳಗೆ ಕಾಲಿಟ್ಟರೆ ಸಿಕ್ಕಿಬಿದ್ದೆವು.

2. ಓಡಿದರೆ ಸದ್ದಾಗುತ್ತದೆ. ಕೆರೆಗೆ ಕಲ್ಲು ಹಾಕಿದರೆ ಅಲೆ ಏಳುತ್ತದಲ್ಲ, ಹಾಗೆ ಸದ್ದು ಎಷ್ಟು ದೂರ ಹೋಯಿತು ಅಂತ ಒಂದು ಸುತ್ತು ಮೂಡುತ್ತದೆ. ಬಗ್ಗಿ ನಡೆದರೆ ಸದ್ದಿಲ್ಲ.

3. ಬೇಕೆಂದೇ ಶಿಳ್ಳೆ ಹಾಕಬಹುದು. ಕಾವಲುಗಾರ ಏನದು ಅಂತ ನೋಡಲು ಬರುತ್ತಾನೆ. ಅಷ್ಟರಲ್ಲಿ ನಾವು ಇನ್ನೊಂದು ಕಡೆಯಿಂದ ಜಾರಿಕೊಳ್ಳಬೇಕು.

4. ಹೊಗೆ ಬಾಂಬು ಇದೆ. ಚಕ್ರ ಎಂಬ ಎಸೆಯುವ ಆಯುಧ ಇದೆ.

ಮೊದಲ ದಿನ ನಾನು ಬರೀ ಓಡಿದೆ. ಎಷ್ಟು ಸಲ ಸತ್ತೆನೋ ಲೆಕ್ಕವಿಲ್ಲ. ‘ಓಡಬೇಡ ಕಣೋ, ಮೊದಲು ನೋಡು’ ಅಂದ ಅಣ್ಣ. ಎರಡನೇ ದಿನ ಕಂಬದ ಹಿಂದೆ ನಿಂತು ಎಣಿಸಿದೆ. ಕಾವಲುಗಾರ ಆ ಕಡೆ ಎಷ್ಟು ಹೆಜ್ಜೆ, ಈ ಕಡೆ ಎಷ್ಟು ಹೆಜ್ಜೆ, ಯಾವಾಗ ಬೆನ್ನು ತಿರುಗಿಸುತ್ತಾನೆ ಅಂತ. ಆಮೇಲೆ ದಾಟಿಬಿಟ್ಟೆ! ಯಾರಿಗೂ ಕಾಣದೆ ದಾಟಿದರೆ ಒಳ್ಳೆ ಅಂಕ ಬರುತ್ತದೆ. ತಾಳ್ಮೆ ಇದ್ದವರಿಗೆ ಈ ಆಟ, ಅವಸರದವರಿಗೆ ಅಲ್ಲ.

ಯಾವುದು ನಿಜ?

ಪರೀಕ್ಷೆಯಲ್ಲಿ ಅಂಕ ಹೋದ ಮೇಲೆ ಪುಸ್ತಕ ತೆಗೆದು ನೋಡಿದೆ, ಮೇಷ್ಟ್ರನ್ನೂ ಕೇಳಿದೆ. ಆಟ 1841ರ ಅಮೃತಸರದಲ್ಲಿ ಶುರುವಾಗುತ್ತದೆ. ಆಗ ಅಲ್ಲಿ ಸಿಖ್ಖರ ರಾಜ್ಯ ಇದ್ದದ್ದು ನಿಜ. ಮಹಾರಾಜ ರಣಜಿತ್ ಸಿಂಗ್ 1839ರಲ್ಲಿ ತೀರಿಕೊಂಡಿದ್ದರು. 1841ರಲ್ಲಿ ಅವರ ಮಗ ಶೇರ್ ಸಿಂಗ್ ಪಟ್ಟಕ್ಕೆ ಬಂದರು. ಕೊಹಿನೂರ್ ಅವರ ಖಜಾನೆಯಲ್ಲೇ ಇತ್ತು. ಚಕ್ರವೂ ಸುಳ್ಳಲ್ಲ. ನಿಹಂಗರು ಎಂಬ ಸಿಖ್ ಯೋಧರು ಉಕ್ಕಿನ ಚಕ್ರಗಳನ್ನು ಪೇಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು.

ಆದರೆ ಅರ್ಬಾಜ್ ಮೀರ್ ಎಂಬುವನು ಇರಲೇ ಇಲ್ಲ. ಅವನ ಗುಪ್ತ ಸಂಘವೂ ಕಟ್ಟುಕಥೆ. ಆಟದಲ್ಲಿ ವಿಲಿಯಂ ಸ್ಲೀಮನ್ ಎಂಬ ಖಳನಾಯಕ ಬರುತ್ತಾನೆ. ಆ ಹೆಸರಿನ ಇಂಗ್ಲಿಷ್ ಅಧಿಕಾರಿ ನಿಜವಾಗಿ ಇದ್ದರು. ದಾರಿಗಳ್ಳರಾದ ಠಕ್ಕರನ್ನು ಹಿಡಿಸಿ ಹೆಸರಾದವರು. ಅವರನ್ನು ಗುಪ್ತ ಸಂಘದ ಮುಖ್ಯಸ್ಥ ಮಾಡಿದ್ದು ಆಟ ಬರೆದವರು. ನಿಜದ ಜೊತೆ ಸುಳ್ಳನ್ನು ಹಾಲಿಗೆ ನೀರು ಬೆರೆಸಿದ ಹಾಗೆ ಬೆರೆಸಿದ್ದಾರೆ. ಕುಡಿದರೆ ಗೊತ್ತೇ ಆಗಲ್ಲ!

ವಜ್ರ ಹೋದದ್ದು ಹೇಗೆ ಗೊತ್ತಾ? ಯಾರೂ ಕದ್ದು ನಡೆದು ಒಯ್ಯಲಿಲ್ಲ. ಯುದ್ಧದಲ್ಲಿ ಗೆದ್ದ ಮೇಲೆ 1849ರಲ್ಲಿ ಕಂಪನಿಯವರು ಒಪ್ಪಂದದ ಕಾಗದದಲ್ಲೇ ಬರೆಸಿಕೊಂಡರು. ಅದಕ್ಕೆ ಒಪ್ಪಬೇಕಾಗಿ ಬಂದ ರಾಜ ದುಲೀಪ್ ಸಿಂಗ್‌ಗೆ ಆಗ 10 ವರ್ಷ. ನಮ್ಮೆಲ್ಲರಿಗಿಂತ ಚಿಕ್ಕವನು! ಪರೀಕ್ಷೆಯಲ್ಲಿ ಬರೆಯಬೇಕಾಗಿದ್ದ ಉತ್ತರ ಇದು.

ನಮ್ಮ ದಾರಿಯಲ್ಲೇ ಬಂದ ಸೈನ್ಯ

ನಾನು ಆಟ ಗೆದ್ದ ದಿನ ದೊಡ್ಡಪ್ಪ ಹೇಳಿದರು, ‘ಇಂಥದ್ದು ಬೆಂಗಳೂರಲ್ಲೇ ನಡೆದಿದೆ, ತೋರಿಸ್ತೀನಿ ಬಾ’ ಅಂತ. ಮಾರನೇ ದಿನ ಕೆ.ಆರ್. ಮಾರುಕಟ್ಟೆ ಹತ್ತಿರದ ಕೋಟೆಗೆ ಹೋದ್ವಿ.

1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಟಿಪ್ಪು ಸುಲ್ತಾನರ ಮೇಲೆ ಬಂತು. ಬಂದ ದಾರಿ ಕೋಲಾರ, ಆಮೇಲೆ ಹೊಸಕೋಟೆ. ಅಂದರೆ ನಾವು ಬಸ್ಸಿನಲ್ಲಿ ಹೋಗುವ ಕಡೆಯಿಂದಲೇ! ಮಾರ್ಚ್ 7ರಂದು ಪೇಟೆಯ ಪೂರ್ವದ ಬಾಗಿಲು ಹಲಸೂರು ಗೇಟಿನಲ್ಲಿ ಜೋರು ಕಾಳಗ ಆಯಿತು. ಮೂರ್‌ಹೌಸ್ ಎಂಬ ಇಂಗ್ಲಿಷ್ ಅಧಿಕಾರಿ ಅಲ್ಲಿ ಸತ್ತ. ಈಗ ಆ ಬಾಗಿಲು ಇಲ್ಲ, ಪೊಲೀಸ್ ಠಾಣೆಯ ಹೆಸರಿನಲ್ಲಿ ಮಾತ್ರ ಉಳಿದಿದೆ.

ಪೇಟೆ ಬಿದ್ದರೂ ಕೋಟೆ ಬೀಳಲಿಲ್ಲ. ಫಿರಂಗಿ ಹೊಡೆದು ಹೊಡೆದು ಗೋಡೆಯಲ್ಲಿ ಒಂದು ಕಡೆ ಬಿರುಕು ಮಾಡಿದರು. ಮಾರ್ಚ್ 21ರ ರಾತ್ರಿ, ಬೆಳದಿಂಗಳಲ್ಲಿ, ಆ ಜಾಗದಿಂದ ಹತ್ತಿ ಒಳಗೆ ನುಗ್ಗಿದರು. ಕೋಟೆ ಕಾಯುತ್ತಿದ್ದ ಕಿಲ್ಲೇದಾರ ಬಹಾದ್ದೂರ್ ಖಾನ್ ಓಡಿಹೋಗಲಿಲ್ಲ. ಹೋರಾಡುತ್ತಲೇ ಪ್ರಾಣ ಬಿಟ್ಟರು. ಸೈನ್ಯ ನುಗ್ಗಿದ್ದು ಇಲ್ಲೇ ಅಂತ ಕೋಟೆಯ ಗೋಡೆಯಲ್ಲಿ ಒಂದು ಕಲ್ಲಿನ ಫಲಕ ಇದೆ. ಅದರ ಮೇಲೆ ಕೈಯಿಟ್ಟು ನೋಡಿದೆ.

ಆಗ ನನಗೆ ಒಂದು ಯೋಚನೆ ಬಂತು. ಆಟದಲ್ಲಿ ನಾನು ಯಾವಾಗಲೂ ನುಗ್ಗುವವನು. ಕಾವಲುಗಾರರಿಗೆ ಹೆಸರೇ ಇಲ್ಲ. ಅವರು ಬೆನ್ನು ತಿರುಗಿಸಿದರೆ ನನಗೆ ಖುಷಿ. ಆದರೆ ಕೋಟೆಯಲ್ಲಿ ನಿಂತಾಗ ನನ್ನ ಮನಸ್ಸೆಲ್ಲಾ ಕಾವಲುಗಾರರ ಕಡೆಗೇ ಇತ್ತು. ಆ ರಾತ್ರಿ ಯಾರಾದರೂ ಸರಿಯಾಗಿ ನೋಡಿ ಕೂಗಿದ್ದರೆ ಏನಾಗುತ್ತಿತ್ತೋ ಅನ್ನಿಸಿತು. ಆಟದಲ್ಲಿ ಸತ್ತರೆ ಗುಂಡಿ ಒತ್ತಿ ಮತ್ತೆ ಎದ್ದು ಬರಬಹುದು. ಬಹಾದ್ದೂರ್ ಖಾನರಿಗೆ ಎರಡನೇ ಸಲ ಇರಲಿಲ್ಲ. ಇದನ್ನು ಹೇಳಿದಾಗ ದೊಡ್ಡಪ್ಪ ಏನೂ ಮಾತಾಡಲಿಲ್ಲ, ತಲೆ ಸವರಿದರು.

1792ರ ಒಪ್ಪಂದದ ಮೇಲೆ ಬೆಂಗಳೂರು ಟಿಪ್ಪುವಿಗೆ ವಾಪಸು ಸಿಕ್ಕಿತು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಅವರು ಮಡಿದರು. 1809ರಲ್ಲಿ ಬ್ರಿಟಿಷರು ಹಲಸೂರಿನ ಪಕ್ಕದಲ್ಲೇ ದಂಡು ಕಟ್ಟಿದರು. ದಂಡು ಅಂದರೆ ಸೈನ್ಯದ ಠಾಣ್ಯ. ಅದಕ್ಕೇ ಈಗಲೂ ಹಳಬರು ಕಂಟೋನ್ಮೆಂಟಿಗೆ ದಂಡು ಅನ್ನುತ್ತಾರೆ.

ಕೊನೆಯ ಮಾತು

ಆಟ ಆಡುವುದು ತಪ್ಪಲ್ಲ. ಆ ಆಟ ಇಲ್ಲದಿದ್ದರೆ ನಾನು ರಣಜಿತ್ ಸಿಂಗರ ಪಾಠವನ್ನು ಇಷ್ಟು ಆಸೆಯಿಂದ ಓದುತ್ತಲೇ ಇರಲಿಲ್ಲ. ಆದರೆ ಸಿನಿಮಾ ಇರಲಿ, ಆಟ ಇರಲಿ, ನೋಡಿದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಮನುಷ್ಯ ನಿಜವಾಗಿ ಇದ್ದನಾ? ಈ ವರ್ಷ ಸರಿಯಾ? ಎದುರು ಕಡೆಯವರ ಹೆಸರೇನು? ಗೊತ್ತಿಲ್ಲದಿದ್ದರೆ ಗ್ರಂಥಾಲಯದ ಬೀರು ಇದೆ, ಮೇಷ್ಟ್ರು ಇದ್ದಾರೆ. ನನ್ನ ಹಾಗೆ ಅಂಕ ಕಳೆದುಕೊಳ್ಳಬೇಡಿ!

ಇಷ್ಟು ಹೇಳಿ ನನ್ನ ಲೇಖನ ಮುಗಿಸುತ್ತೇನೆ. ತಪ್ಪಿದ್ದರೆ ತಿದ್ದಿ.

- 7ನೇ ತರಗತಿ ವಿದ್ಯಾರ್ಥಿ