ಜರ್ಮನಿಗೆ ಹೋದರೆ ಜರ್ಮನ್ ತಾನಾಗಿ ಬರುತ್ತದೆಯೇ?

ಜರ್ಮನಿಗೆ ಹೊರಟವರ ಮನೆಯಲ್ಲಿ ಸೂಟ್‌ಕೇಸ್ ತುಂಬುವ ಹೊತ್ತಿಗೆ ಒಬ್ಬರಾದರೂ ಹೇಳುತ್ತಾರೆ: ‘ಭಾಷೆಗೆಲ್ಲ ಯಾಕೆ ತಲೆ ಕೆಡಿಸ್ಕೋತೀಯಪ್ಪ, ಅಲ್ಲಿಗೆ ಹೋದ್ಮೇಲೆ ತಾನಾಗೇ ಬರುತ್ತೆ.’

ಬರುವುದಿಲ್ಲ. ಈ ಮಾತನ್ನು ನಂಬಿ ವರ್ಷಗಟ್ಟಲೆ ಕಳೆದುಕೊಂಡವರು ಬೇಕಾದಷ್ಟಿದ್ದಾರೆ.

ಮ್ಯೂನಿಕ್ಕಿನಲ್ಲಿರುವ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರೊಬ್ಬರ ದಿನಚರಿ ನೋಡಿ. ಆಫೀಸಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ, ಫೋನಿನಲ್ಲಿ ಎರಡೂ. ಅವರೊಂದಿಗೆ ಜರ್ಮನ್ ಆಡುವವರು ಸೂಪರ್‌ಮಾರ್ಕೆಟ್ಟಿನ ಬಿಲ್ ಕೌಂಟರಿನವರು ಮಾತ್ರ: ಕಾರ್ಡಾ, ಬಿಲ್ ಬೇಕಾ, ನಮಸ್ಕಾರ. ಐದು ವರ್ಷ ಕಳೆದರೂ ಕೈಗೆ ಸಿಗುವುದು ಈ ಮೂರು ಮಾತೇ.

ಸುತ್ತ ಭಾಷೆ ಧಾರಾಳವಾಗಿದ್ದರೂ ಸಾಲದು. ಹವಾಯಿಯಲ್ಲಿ ನೆಲೆಸಿದ್ದ ಜಪಾನಿ ಕಲಾವಿದನೊಬ್ಬನ ಇಂಗ್ಲಿಷನ್ನು ರಿಚರ್ಡ್ ಶ್ಮಿಟ್ ಎಂಬ ವಿದ್ವಾಂಸರು ಮೂರು ವರ್ಷ ಗಮನಿಸಿ 1983ರಲ್ಲಿ ವರದಿ ಪ್ರಕಟಿಸಿದರು. ಆತ ಸ್ನೇಹಜೀವಿ, ಮಾತಿಗೆ ಅಂಜುವವನಲ್ಲ. ಹರಟೆ ಸಲೀಸಾಯಿತು, ವ್ಯಾಕರಣ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಉಳಿಯಿತು. ಜರ್ಮನ್ ಸರ್ಕಾರಕ್ಕೂ ಇದು ಗೊತ್ತು. 2005ರಿಂದ ಅದು ವಲಸಿಗರಿಗಾಗಿ ನಡೆಸುತ್ತಿರುವ ಕೋರ್ಸಿನಲ್ಲಿ ಭಾಷೆಗೇ ಸಾಮಾನ್ಯವಾಗಿ 600 ಪಾಠಗಳಿವೆ. ಅಲ್ಲೇ ವಾಸವಿರುವವರಿಗೆ 600 ಪಾಠ!

ಗಡಿಯಾರವನ್ನೇ ತೆಗೆದುಕೊಳ್ಳಿ. ‘ಹಾಲ್ಬ್ ಆಖ್ಟ್’ ಎಂದರೆ ಪದಶಃ ‘ಅರ್ಧ ಎಂಟು’. ಕೇಳಿದವರು ಎಂಟೂವರೆ ಎಂದುಕೊಳ್ಳುತ್ತಾರೆ. ಜರ್ಮನ್ನರು ಹೇಳಿದ್ದು ಏಳೂವರೆ. ನಾವು ಮುಗಿದ ಗಂಟೆಯ ಮೇಲೆ ಅರ್ಧ ಸೇರಿಸುತ್ತೇವೆ, ಅವರು ಬರಲಿರುವ ಗಂಟೆಯಲ್ಲಿ ಅರ್ಧ ಕಳೆದಿದೆ ಎನ್ನುತ್ತಾರೆ. ಬರೀ ಕಿವಿಗೆ ಬಿದ್ದರೆ ಇದು ಹೊಳೆಯುವುದಿಲ್ಲ, ಯಾರಾದರೂ ಬಿಡಿಸಿ ಹೇಳಬೇಕು.

‘ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ’ ಎನ್ನುವವರು ಸರ್ಕಾರಿ ಕಚೇರಿಯಿಂದ ಬರುವ ಪತ್ರ ಬಿಚ್ಚಿ ನೋಡಲಿ, ಅದು ಜರ್ಮನ್‌ನಲ್ಲೇ ಇರುತ್ತದೆ. ‘ಮೂವತ್ತು ದಾಟಿದರೆ ನಾಲಿಗೆ ತಿರುಗಲ್ಲ’ ಎಂಬುದೂ ನೆಪ: ಉಚ್ಚಾರಣೆಯಲ್ಲಿ ತಾಯ್ನುಡಿಯ ಛಾಯೆ ಉಳಿಯಬಹುದು, ಕಲಿಕೆ ನಿಲ್ಲುವುದಿಲ್ಲ. ಇನ್ನು ಇಂಗ್ಲಿಷ್ ಮೂಲಕವೇ ಕಲಿಯಬೇಕೆಂಬ ನಂಬಿಕೆ. ಇಂಗ್ಲಿಷಿನ ಜಾಡಿನಲ್ಲಿ ಹೋಗಿ ‘ಇಖ್ ಬಿನ್ ಕಾಲ್ಟ್’ ಎಂದರೆ ತಪ್ಪು. ಜರ್ಮನ್ನರು ಹೇಳುವುದು ‘ಮೀರ್ ಇಸ್ಟ್ ಕಾಲ್ಟ್’, ಅಂದರೆ ನಮ್ಮ ಹಾಗೆಯೇ ‘ನನಗೆ ಚಳಿ’. ಕನ್ನಡಿಗರಿಗೆ ಈ ‘ನನಗೆ’ ಹುಟ್ಟಿನಿಂದಲೇ ಗೊತ್ತು.

ಇಷ್ಟಾದರೂ ‘30 ದಿನದಲ್ಲಿ ಜರ್ಮನ್’ ಎಂಬ ಜಾಹೀರಾತಿಗೆ ಜನ ದುಡ್ಡು ಕಟ್ಟುತ್ತಲೇ ಇದ್ದಾರೆ. ಸೀರೆಯ ಸೆರಗು ತಿರುಗಿಸಿ ನೋಡದೆ ಕೊಳ್ಳದವರೂ ಇಂಥ ಮಾತನ್ನು ಕೇಳಿದ ಕೂಡಲೇ ನಂಬುತ್ತಾರೆ. ತಾನಾಗಿ ಬರುತ್ತದೆ ಎಂಬುದೂ, ತಿಂಗಳಲ್ಲಿ ಬರುತ್ತದೆ ಎಂಬುದೂ ಶ್ರಮ ಬೇಡವೆನ್ನುವ ಒಂದೇ ಆಸೆಯ ಎರಡು ಮುಖ.

ಹೊರಡುವವರು ಟಿಕೆಟ್‌ಗೆ ಮುಂಚೆಯೇ ಪಾಠ ಶುರು ಮಾಡಲಿ. ಬ್ಲೂ ಕಾರ್ಡ್ ಎಂಬ ಉದ್ಯೋಗ ಪರವಾನಗಿಯ ಮೇಲೆ ಕೆಲಸಕ್ಕೆ ಹೋದವರು ಎ1 ಎಂಬ ಆರಂಭಿಕ ಮಟ್ಟದ ಜರ್ಮನ್ ಇದ್ದರೆ 27 ತಿಂಗಳ ನಂತರ, ಬಿ1 ಎಂಬ ಮಧ್ಯಮ ಮಟ್ಟದ್ದಿದ್ದರೆ 21 ತಿಂಗಳಿಗೇ ಕಾಯಂ ವಾಸದ ಪರವಾನಗಿಗೆ ಅರ್ಹರಾಗಬಹುದು.