ಇಂಗಿಹೋಗುವ ನೀರಿನ ಹೆಸರು

ಫ್ರಾನ್ಸಿನ ನಡುಭಾಗದಲ್ಲಿ, ಅಲಿಯೇ ನದಿಯ ದಂಡೆಯಲ್ಲಿ ವೀಶಿ ಎಂಬ ಊರಿದೆ. ಇತಿಹಾಸ ಓದಿದವರಿಗೆ ಅದು 1940ರಲ್ಲಿ ಜರ್ಮನಿಗೆ ಮಣಿದ ಫ್ರೆಂಚ್ ಸರ್ಕಾರ ಬೀಡುಬಿಟ್ಟ ಜಾಗ. ಹೊಟ್ಟೆ ಕೆಟ್ಟವರಿಗೆ ಮಾತ್ರ ಅದು ಬಹಳ ಹಿಂದಿನಿಂದಲೂ ನೀರಿನ ಊರು. ಅಲ್ಲಿ ನೆಲದಿಂದ ಉಕ್ಕುವ ಬುಗ್ಗೆಗಳಲ್ಲಿ ಸೋಡಾದ ಅಂಶ ಹೆಚ್ಚು. ಜೀರ್ಣಕ್ಕೆ ಒಳ್ಳೆಯದೆಂದು ಲೋಟ ಹಿಡಿದು ನಿಂತವರಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್ನನೂ ಒಬ್ಬ. 1861ರಲ್ಲಿ ಮೊದಲು ಬಂದವನು ಮತ್ತೆ ಮತ್ತೆ ಬಂದ. ಆ ನೀರಿನಲ್ಲೇ ಬೇಯಿಸಿದ್ದೆಂದು ಒಂದು ಕ್ಯಾರೆಟ್ ಅಡುಗೆಗೂ ಊರಿನ ಹೆಸರು ಅಂಟಿತು: ಕಾರೊತ್ ವೀಶಿ.

ಪಲ್ಯ ಅನ್ನೋಣವೆಂದರೆ ಒಗ್ಗರಣೆಯಿಲ್ಲ, ಹಲ್ವ ಅನ್ನೋಣವೆಂದರೆ ಅಷ್ಟು ಸಿಹಿಯಿಲ್ಲ. ಫ್ರೆಂಚರು ಮಾಂಸದ ಪಕ್ಕದಲ್ಲಿ ನೆಂಚಿಕೊಳ್ಳಲು ಇಟ್ಟುಕೊಳ್ಳುತ್ತಾರೆ. ನನಗೆ ಚಪಾತಿಗೂ ನಡೆಯುತ್ತದೆ.

ಅರ್ಧ ಕಿಲೋ ಎಳೆ ಕ್ಯಾರೆಟ್ಟನ್ನು ತೆಳ್ಳಗೆ, ಒಂದೇ ದಪ್ಪಕ್ಕೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಬೇಕು. ಅಗಲ ಬಾಯಿಯ ಪಾತ್ರೆಯಲ್ಲಿ ಹರಡಿ, ಬಿಲ್ಲೆಗಳು ಮುಳುಗುವಷ್ಟೇ ನೀರು, 40 ಗ್ರಾಂ ಬೆಣ್ಣೆ, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಒಲೆಗಿಡುವುದು. ಮೇಲೆ ಮುಚ್ಚಳವಲ್ಲ, ಪಾತ್ರೆಯ ಅಳತೆಗೆ ದುಂಡಗೆ ಕತ್ತರಿಸಿ ನಡುವೆ ತೂತು ಮಾಡಿದ ಬೆಣ್ಣೆಕಾಗದ. ಅದು ತರಕಾರಿಯನ್ನು ಹಬೆಯಲ್ಲಿ ಬೇಯಿಸುತ್ತದೆ, ನೀರನ್ನೂ ನಿಧಾನಕ್ಕೆ ಹೊರಗೆ ಬಿಡುತ್ತದೆ.

ಇನ್ನು ಕೆಲಸ ಕಿವಿಯದು. ಮೊದಲು ಬುಳುಬುಳು ಕುದಿತ. ಇಪ್ಪತ್ತು ನಿಮಿಷದ ಹೊತ್ತಿಗೆ ಗುಳ್ಳೆಗಳು ದೊಡ್ಡವಾಗಿ, ಜಿಗುಟಾಗಿ, ಸದ್ದು ಚಿಟಪಟಕ್ಕೆ ತಿರುಗುತ್ತದೆ. ಆಗ ಕಾಗದ ತೆಗೆದು, ಸೌಟು ಹಾಕದೆ ಪಾತ್ರೆಯನ್ನೇ ಹಿಡಿದು ಅಲುಗಿಸಬೇಕು. ಸೌಟು ತಾಗಿದರೆ ಬೆಂದ ಬಿಲ್ಲೆ ಮುರಿಯುತ್ತದೆ. ಸಕ್ಕರೆ, ಬೆಣ್ಣೆ, ಕ್ಯಾರೆಟ್ಟಿನ ರಸ ಕೂಡಿ ತೆಳುವಾದ ಪಾಕವಾಗಿ ಪ್ರತಿ ಬಿಲ್ಲೆಗೂ ಹೊಳಪು ಹತ್ತುತ್ತದೆ. ಸಕ್ಕರೆ ಕೆಂಪಾಗಬಾರದು, ಕೆಂಪಾದರೆ ಅದು ಬೇರೆ ಅಡುಗೆ, ರುಚಿಯೂ ಬೇರೆ. ಇಳಿಸಿದ ಮೇಲೆ ಸಣ್ಣಗೆ ಹೆಚ್ಚಿದ ಪಾರ್ಸ್ಲಿ.

ಒಮ್ಮೆ ನಾನು ಬಾಗಿಲಿಗೆ ಬಂದ ಹಾಲಿನವನ ಲೆಕ್ಕ ಮುಗಿಸಿ ಬರುವಷ್ಟರಲ್ಲಿ ನೀರು ಪೂರ್ತಿ ಇಂಗಿ ಬೆಣ್ಣೆ ಒಡೆದು ಎಣ್ಣೆಯಾಗಿತ್ತು. ಹೊಳಪೆಲ್ಲ ಹೋಗಿ ಜಿಡ್ಡು ಉಳಿದಿತ್ತು. ಒಂದೆರಡು ಚಮಚ ನೀರು ಚಿಮುಕಿಸಿ ಅಲುಗಿಸಿದೆ, ಒಡೆದದ್ದು ಕೂಡಿಕೊಂಡಿತು.

ವೀಶಿಯ ನೀರೇ ಬೇಕೆ? ಕಡಲೆ ಬೇಯಿಸುವಾಗ ಚಿಟಿಕೆ ಸೋಡಾ ಹಾಕುವ ನಮ್ಮವರಿಗೆ ಅದರ ಗುಟ್ಟು ಗೊತ್ತೇ ಇದೆ: ಕ್ಷಾರ ತರಕಾರಿಯನ್ನು ಬೇಗ ಮೆತ್ತಗಾಗಿಸುತ್ತದೆ. ಫ್ರಾನ್ಸಿನಲ್ಲೂ ಎಷ್ಟೋ ಮನೆಗಳಲ್ಲಿ ನಲ್ಲಿ ನೀರೇ. ಸೋಡಾ ಹಾಕುವುದಾದರೆ ಉಗುರಿನ ತುದಿಯಷ್ಟು ಸಾಕು. ಹೆಚ್ಚಾದರೆ ಕ್ಯಾರೆಟ್ ಮುದ್ದೆಯಾಗಿ, ಬಾಯಲ್ಲಿ ಸಾಬೂನಿನ ವಾಸನೆ.